ಅಳಿಸಿದ ಪದ್ಯ ಓದಿದವರು

ಆಗಸ್ಟಿನ ಒಂದು ಸೋಮವಾರ ಬಸ್ಸು ಇಳಿದು ಟಂಟಂ ಆಟೋ ಹಿಡಿದು ಶಾಲೆಯ ಗೇಟಿಗೆ ಬಂದಾಗ ಮಕ್ಕಳೆಲ್ಲ ಉರ್ದು ಶಾಲೆಯ ಮುಂದೆ ಗುಂಪಾಗಿ ನಿಂತಿದ್ದರು. ನಮ್ಮದು ಇರಕಲ್ಲಗಡದಿಂದ ಒಳಗೆ, ಯಲಬುರ್ಗಾ ಕಡೆಗಿರುವ ಒಂದು ಹಳ್ಳಿ. ಒಂದೇ ಕಾಂಪೌಂಡಿನಲ್ಲಿ ಎರಡು ಸರಕಾರಿ ಶಾಲೆ. ದೊಡ್ಡದು ಕನ್ನಡದ್ದು, ಮೂಲೆಯಲ್ಲಿರುವ ಚಿಕ್ಕದು ಉರ್ದುವಿನದು. ಬಿಡದೆ ಹಿಡಿದ ಮಳೆಗೆ ಆ ಚಿಕ್ಕ ಕಟ್ಟಡದ ಛತ್ತಿನ ಸಿಮೆಂಟ್ ಗಿಲಾವು ಕಳಚಿ ನೆಲಕ್ಕೆ ಬಿದ್ದಿತ್ತು. ಮೇಲೆ ತುಕ್ಕು ಹಿಡಿದ ಸರಳುಗಳು ಕಾಣುತ್ತಿದ್ದವು. ಬಿದ್ದದ್ದು ಭಾನುವಾರ, ಒಳಗೆ ಯಾರೂ ಇರಲಿಲ್ಲ. ಮಕ್ಕಳು ಕೂರುವ ಜಾಗದಲ್ಲಿ ಬಿದ್ದ ಹೆಂಟೆಗಳನ್ನು ನೋಡಿ ಮಕ್ಕಳನ್ನು ಬಾಗಿಲಿನಿಂದ ದೂರ ಕಳಿಸಿದೆ.

ಮುಖ್ಯಗುರುಗಳು ಆ ಕೋಣೆಗೆ ಬೀಗ ಹಾಕಿಸಿ ನನ್ನ ಬಳಿ ಬಂದರು.

"ಮೇಡಂ, ನಿಮ್ಮ ಹಾಲ್ ದೊಡ್ಡದೈತಿ. ರಿಪೇರಿ ಆಗೂಮಟಾ ಅರ್ಧ ಬಿಟ್ಟುಕೊಡಬೇಕ್ರಿ."

ಬಿಟ್ಟುಕೊಟ್ಟೆ. ಹಾಲಿನ ನಡುವೆ ಎರಡು ಕಬ್ಬಿಣದ ಅಲ್ಮಾರಿ ಅಡ್ಡ ನಿಲ್ಲಿಸಿದೆವು. ಅವುಗಳ ಸಂದಿಗೆ ಒಂದು ಹಳೆಯ ಜಮಖಾನೆ ತೂಗುಬಿಟ್ಟೆವು. ಗೋಡೆಯ ಉದ್ದಕ್ಕೂ ಇದ್ದ ಕರಿಹಲಗೆಯ ಎಡಗಡೆ ನನಗೆ, ಬಲಗಡೆ ಉರ್ದು ಟೀಚರ್‌ಗೆ. ಆ ಶಾಲೆಗೆ ಅವರೊಬ್ಬರೇ ಶಿಕ್ಷಕಿ, ಮಕ್ಕಳ ಬಾಯಲ್ಲಿ ಆಪಾ, ಎಂದರೆ ಅಕ್ಕ. ನನಗಿಂತ ಹಿರಿಯರು. ದನಿ ಎತ್ತಿ ಮಾತಾಡಿದ್ದು ನಾನು ಕೇಳಿಲ್ಲ. ಗಣಿತವೆಂದರೆ ಅವರಿಗೆ ಜೀವ. ನನ್ನ ಕಡೆ ನಾಲ್ಕು ಮತ್ತು ಐದನೆಯ ತರಗತಿ ಒಟ್ಟಿಗೆ ಕೂರುತ್ತಿದ್ದವು.

ಆ ವರ್ಷ ಜೂನಿನಿಂದಲೇ ನಾನು ಒಂದು ಪ್ರಯೋಗಕ್ಕೆ ಕೈ ಹಾಕಿದ್ದೆ. ನನ್ನ ಮಕ್ಕಳು ಅಕ್ಷರ ಕೂಡಿಸಿ ಓದುತ್ತಿದ್ದರು. ಆದರೆ ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲಿನ ಮೊದಲು ಮರೆತುಹೋಗುತ್ತಿತ್ತು. ಏನು ಓದಿದೆ ಎಂದು ಕೇಳಿದರೆ ನನ್ನ ಮುಖ ನೋಡುತ್ತಿದ್ದರು. ಇಡೀ ವರ್ಷ, ದಿನವೂ ಮೊದಲ ಪಿರಿಯಡ್ಡನ್ನು ಪದ್ಯದಿಂದ ಶುರು ಮಾಡೋಣ, ವಾರಕ್ಕೊಂದು ಪದ್ಯ ಎಂದು ನಿಶ್ಚಯಿಸಿದೆ. ಸೋಮವಾರ ಹಲಗೆಯ ಮೇಲೆ ಏನೂ ಬರೆಯುವುದಿಲ್ಲ, ಬರೀ ಬಾಯಿಂದ ಹೇಳುವುದು. ಮಂಗಳವಾರ ಹೆಜ್ಜೆ ಹಾಕುತ್ತ ಹೇಳುವುದು, ತಾಳ ಕಾಲಿಗೆ ಹತ್ತಬೇಕು. ಬುಧವಾರ ಹಲಗೆಯ ಮೇಲೆ ಬರೆದು ಬೆರಳಿಟ್ಟು ಓದುವುದು. ಗುರುವಾರ ಸಾಲಿಗೊಂದು ಶಬ್ದ ಅಳಿಸುವುದು. ಅಳಿಸಿದಲ್ಲಿ ಒಂದು ಗೆರೆ ಎಳೆದರೆ ಆ ಶಬ್ದ ಅಲ್ಲೇ ಇದೆ ಎಂದುಕೊಂಡು ಓದಬೇಕು. ಶುಕ್ರವಾರ ಹಲಗೆ ಪೂರ್ತಿ ಖಾಲಿ, ಆಗಲೂ ಓದಬೇಕು. ಶನಿವಾರ ಬೆಳಗಿನ ಶಾಲೆ. ಅವತ್ತು ಮಕ್ಕಳು ಆ ಪದ್ಯದ ಧಾಟಿಯಲ್ಲೇ ತಮ್ಮದೊಂದು ಕಟ್ಟುವುದು.

ಪಠ್ಯಪುಸ್ತಕದ ಪದ್ಯ ಮುಗಿದ ಮೇಲೆ ನಾನೇ ಬರೆಯತೊಡಗಿದೆ. ಕವಿತೆ ಬರೆಯುವವಳಲ್ಲ ನಾನು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕಂಡದ್ದನ್ನು ಈ ಮಕ್ಕಳ ಮಾತಿನಲ್ಲೇ ಜೋಡಿಸುತ್ತಿದ್ದೆ. ಮಳೆಗೆ ಕಾದು ಬಿರುಕು ಬಿಟ್ಟ ಕಪ್ಪು ಮಣ್ಣಿನ ಎರಿ ಹೊಲ ನೋಡಿ ಜುಲೈಯಲ್ಲಿ ಬರೆದದ್ದು ಇದು.

ಎರಿ ಹೊಲವೇ, ಎರಿ ಹೊಲವೇ, ಯಾಕ ಬಾಯಿ ಬಿಟ್ಟಿ?
ಮುಗಿಲು ಭಾಳ ದೂರ ಐತಿ, ಕೂಗಬೇಕು ಗಟ್ಟಿ.
ಮುಗಿಲ ತಾಯಿ, ಮುಗಿಲ ತಾಯಿ, ಕೂಗು ಕೇಳಿತೇನ?
ಹನಿಯ ಗಂಟು ಬಿಚ್ಚತೇನಿ, ಸೆರಗು ಒಡ್ಡು ನೀನ.

ಹಾಲು ಎರಡು ಭಾಗವಾದ ಮೊದಲ ವಾರವೇ ತೊಂದರೆ ಶುರುವಾಯಿತು. ನನ್ನ ಮಕ್ಕಳು ಹೆಜ್ಜೆ ಹಾಕುತ್ತ ಹೇಳಿದರೆ ಅಲ್ಮಾರಿಯ ತಗಡು ನಡುಗುತ್ತಿತ್ತು. ಊಟದ ಬಿಡುವಿನಲ್ಲಿ ಆಪಾ ಬಂದರು.

"ತಪ್ಪು ತಿಳೀಬ್ಯಾಡ್ರಿ ಅಕ್ಕೋರ. ನಿಮ್ಮವರು ಪದ್ಯ ಹೇಳಾಕ ಹತ್ತಿದ್ರ ನಮ್ಮವರ ತಲಿಯೊಳಗ ಮಗ್ಗಿ ನಿಲ್ಲಂಗಿಲ್ರಿ."

ಅವರು ಹೇಳಿದ್ದು ಸರಿಯಿತ್ತು. ಪದ್ಯ ನಿಲ್ಲಿಸಿದೆ. ನನ್ನ ಮಕ್ಕಳು ದಿನಾ ಬೆಳಿಗ್ಗೆ "ಇವತ್ತೂ ಇಲ್ಲೇನ್ರಿ ಅಕ್ಕೋರ?" ಎಂದು ಕೇಳುವರು. ಇಲ್ಲ ಎಂದರೆ ಸುಮ್ಮನೆ ಪುಸ್ತಕ ತೆಗೆಯುವರು. ಜೂನಿನಲ್ಲಿದ್ದ ಆ ಮಂಕು ಮತ್ತೆ ಅವರ ಓದಿನೊಳಗೆ ಇಳಿಯುತ್ತಿರುವುದು ನನಗೆ ಕಾಣುತ್ತಿತ್ತು. ತಡೆಯಲಾರದೆ ಒಂದು ಉಪಾಯ ಮಾಡಿದೆ. ಎರಿ ಹೊಲದ ಪದ್ಯವನ್ನು ಪಿಸುಮಾತಿನಲ್ಲಿ ಹೇಳಿಸಿದೆ. ಮಕ್ಕಳಿಗೆ ಅದೊಂದು ಆಟವಾಯಿತು, ಉಸಿರಿನಷ್ಟೇ ಸದ್ದು. ಎರಡನೆಯ ದಿನ ಆಪಾ ಜಮಖಾನೆ ಸರಿಸಿ ಇಣುಕಿದರು. ಅವರ ಮುಖದಲ್ಲಿ ಸಿಟ್ಟಿತ್ತೋ ನಗುವಿತ್ತೋ ಹೇಳಲಾರೆ.

"ಪಿಸುಪಿಸು ಇನ್ನಾ ಕೆಟ್ಟ ಐತ್ರಿ. ನಮ್ಮವರು ಲೆಕ್ಕ ಬಿಟ್ಟು ಅಲ್ಮಾರಿಗೆ ಕಿವಿ ಹಚ್ಚಿ ಕುಂತಾರ. ಬಂದು ನೋಡ್ರಿ."

ಹೋಗಿ ನೋಡಿದೆ. ನಿಜ. ತಣ್ಣನೆಯ ತಗಡಿಗೆ ಕೆನ್ನೆ ಒತ್ತಿ ಸಾಲಾಗಿ ಕೂತಿದ್ದರು. ಕೆಲವರ ತುಟಿ ಅಲುಗುತ್ತಿತ್ತು.

ಮರುದಿನ ಆದದ್ದಾಗಲಿ ಎಂದು ದನಿ ಎತ್ತಿಯೇ ಕೇಳಿದೆ. "ಎರಿ ಹೊಲವೇ, ಎರಿ ಹೊಲವೇ, ಯಾಕ ಬಾಯಿ ಬಿಟ್ಟಿ?" ನನ್ನ ಮಕ್ಕಳು ಉಸಿರು ತೆಗೆದುಕೊಳ್ಳುವ ಮೊದಲೇ ಅಲ್ಮಾರಿಯ ಆ ಕಡೆಯಿಂದ ಉತ್ತರ ಬಂತು. "ಮುಗಿಲು ಭಾಳ ದೂರ ಐತಿ, ಕೂಗಬೇಕು ಗಟ್ಟಿ!" ಅವರು ಗಟ್ಟಿಯಾಗಿಯೇ ಕೂಗಿದ್ದರು. ನನ್ನ ಮಕ್ಕಳು ಬಾಯಿ ತೆರೆದು ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಮೂರನೆಯ ಸಾಲನ್ನು ಆ ಕಡೆಗೆ ಮುಖ ಮಾಡಿ ಕೇಳಿದರು. ನಾಲ್ಕನೆಯದು ಆ ಕಡೆಯಿಂದ ಬಂತು. ಆ ಪದ್ಯವನ್ನು ಪ್ರಶ್ನೆ ಉತ್ತರದ ಧಾಟಿಯಲ್ಲಿ ಬರೆದದ್ದು ನಾನೇ. ಆದರೆ ಅದನ್ನು ನಿಜಕ್ಕೂ ಇಬ್ಬರು ಮಾತಾಡಬಹುದು ಎಂಬುದು ಆವರೆಗೂ ನನಗೆ ಹೊಳೆದಿರಲಿಲ್ಲ.

ಅವತ್ತು ಶಾಲೆ ಬಿಟ್ಟ ಮೇಲೆ ನಾನು ಆಪಾ ಎದುರು ಕೂತೆ. ಮೊದಲ ಪಿರಿಯಡ್ಡಿಗೆ ಅಲ್ಮಾರಿ ಗೋಡೆಗೆ ಸರಿಸಿಬಿಡೋಣ, ಎಲ್ಲರೂ ಒಟ್ಟಿಗೆ ಪದ್ಯ ಹೇಳಲಿ ಎಂದೆ. ಅವರು ಕೈಯಲ್ಲಿದ್ದ ಹಾಜರಿ ಪುಸ್ತಕ ಮುಚ್ಚಿಟ್ಟರು.

"ನಮ್ಮ ಮಕ್ಕಳಿಗೆ ಅವರ ಭಾಷಾದಾಗ ಓದಾಕ ಇನ್ನಾ ಬರವಲ್ದು. ಅದರಾಗ ಇದೊಂದು ಕೂಡಸಬೇಕೇನ್ರಿ?" ಎಂದರು. ಮತ್ತೆ ತಾವೇ, "ಒಂದು ವಾರ ನಿಮ್ಮ ಪದ್ಯ, ಒಂದು ವಾರ ನಮ್ಮದು. ಹಂಗಾದ್ರ ಮಾಡೂನು" ಎಂದರು.

ಮುಖ್ಯಗುರುಗಳು ಹಿಂಜರಿದರು. ಮಕ್ಕಳ ಓದು ಪರೀಕ್ಷಿಸಲು ತಾಲೂಕಿನಿಂದ ಸಾಹೇಬರು ಬರುವವರಿದ್ದರು. "ಎರಡೂ ಕಡೆ ಓದಾಕ ಬರಲಿಲ್ಲಂದ್ರ ನಾನು ಏನ್ ಉತ್ತರ ಕೊಡ್ಲಿ?" ಎಂದರು. ಆದರೂ ನಾವು ಅಲ್ಮಾರಿ ಸರಿಸಿದೆವು.

ಆಪಾ ಕೂಡ ತಾವೇ ಪದ್ಯ ಕಟ್ಟಿದರು, ಮಕ್ಕಳು ಮನೆಯಲ್ಲಿ ಆಡುವ ಮಾತಿಗೆ ಹತ್ತಿರವಾಗಿಯೇ. ಅವರ ಕಡೆ ಬಳೆಗಾರನ ಮಗಳೊಬ್ಬಳು ನಾಲ್ಕನೆಯ ತರಗತಿಯಲ್ಲಿದ್ದಳು. ಉರ್ದುವೂ ಓದಳು, ಕನ್ನಡವೂ ಓದಳು, ಕಿಟಕಿಯ ಹೊರಗೇ ಕಣ್ಣು. ಮೊದಲ ಪದ್ಯವನ್ನು ಆಪಾ ಅವಳನ್ನು ನೆನೆದೇ ಬರೆದಿರಬೇಕು.

ಹರೀ ಚೂಡೀ ಖೇತ್ ಬನೇ, ನೀಲೀ ಚೂಡೀ ಪಾನೀ,
ಲಾಲ್ ಚೂಡೀ ಸೂರಜ್ ಬನೇ, ಪೆಹನೋ ಮೇರೀ ನಾನೀ.

ಹಸಿರು ಬಳೆ ಹೊಲವಾಗಲಿ, ನೀಲಿ ಬಳೆ ನೀರಾಗಲಿ, ಕೆಂಪು ಬಳೆ ಸೂರ್ಯನಾಗಲಿ, ತೊಟ್ಟುಕೋ ಅಜ್ಜಿ ಎಂದು. ನನ್ನ ಮಕ್ಕಳಿಗೆ ಅರ್ಥ ಹೇಳುವ ಕೆಲಸವೇ ಬೀಳಲಿಲ್ಲ. ಪಕ್ಕದಲ್ಲಿ ಕೂತ ಆಪಾರ ಮಕ್ಕಳು ಬಳೆ ಮುಟ್ಟಿ ತೋರಿಸಿದ್ದರು.

ಬುಧವಾರ ಆಪಾ ಅದನ್ನು ಹಲಗೆಯ ಬಲತುದಿಯಿಂದ ಬರೆಯತೊಡಗಿದರು. ಎಡತುದಿಯಲ್ಲಿ ನಾನು ನನ್ನ ಹಿಂದಿನ ವಾರದ ಪದ್ಯವನ್ನು ಮತ್ತೆ ಬರೆದಿಟ್ಟಿದ್ದೆ. ಒಂದು ಆ ಕಡೆಯಿಂದ, ಒಂದು ಈ ಕಡೆಯಿಂದ ಬರುತ್ತ ನಡುವೆ ಎದುರಾದವು. ನನ್ನ ತರಗತಿಯ ಹುಡುಗಿಯೊಬ್ಬಳು, "ಅಕ್ಕೋರ, ಎರಡೂ ಪದ್ಯ ಒಂದರ ಮನಿಗೊಂದು ಹೊಂಟಾವ್ರಿ" ಎಂದಳು. ಇಷ್ಟು ವರ್ಷ ಒಂದೇ ಕಾಂಪೌಂಡಿನಲ್ಲಿ ಪಾಠ ಮಾಡಿದ ನಾವಿಬ್ಬರೂ ಸೀಮೆಸುಣ್ಣ ಹಿಡಿದು ಆ ಹಲಗೆಯನ್ನು ಹೊಸದಾಗಿ ನೋಡಿದೆವು.

ಎಲ್ಲವೂ ಸುಸೂತ್ರವಾಗಿ ನಡೆಯಿತು ಎಂದುಕೊಳ್ಳಬೇಡಿ. ನನ್ನ ತರಗತಿಯ ಹುಡುಗನೊಬ್ಬನ ಅಜ್ಜ ಬಂದು, "ನಮ್ಮ ಹುಡುಗ ಮನ್ಯಾಗ ಬಳಿ ಪದ್ಯ ಹೇಳಾಕ ಹತ್ಯಾನ. ಕನ್ನಡ ಯಾವಾಗ ಕಲಸ್ತೀರಿ?" ಎಂದು ಕೇಳಿದರು. ಬಳೆಗಾರ ಇನ್ನೂ ನೇರವಾಗಿ ಮಾತಾಡಿದ. ಸಂತೆಗೆ ಹೋಗುವ ದಾರಿಯಲ್ಲಿ ಬಳೆಯ ಪೆಟ್ಟಿಗೆ ಗಾಡಿಯ ಮೇಲೆ ಬಿಟ್ಟು ಒಳಗೆ ಬಂದಿದ್ದ.

"ಟೀಚರ್ರಿ, ಹಾಡಿ ಕುಣದ್ರ ಓದು ಬರತೈತೇನ್ರಿ? ಈ ವರ್ಷ ಓದಾಕ ಬರಲಿಲ್ಲಂದ್ರ ಆಕೀನ ಯಲಬುರ್ಗಾಕ ನನ್ನ ತಂಗಿ ಮನಿಗೆ ಕಳಿಸ್ತೀನಿ. ಸಾಲಿ ಆಗಲಿಲ್ಲಂದ್ರ ಮನಿಗೆಲಸಕ್ಕರ ಆಗ್ತಾಳ."

ಹುಡುಗಿ ಬಾಗಿಲ ಬಳಿಯೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಆಪಾ "ಹುಣ್ಣಿವಿ ಅಮಾಸಿ ನಾಕ ಕಳೀಲಿ ಭಾಯಿ, ಸಬೂರ್ ಮಾಡ್ರಿ" ಎಂದರು. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ನಾ ಹೇಳಿಬಿಟ್ಟೆ. ಈಗ ಕಲಸಬೇಕಲ್ರಿ" ಎಂದರು. ಅವರ ದನಿಯಲ್ಲಿ ಹೆದರಿಕೆ ಕೇಳಿದ್ದು ಅದೇ ಮೊದಲು.

ದಸರಾ ರಜೆ ಮುಗಿಸಿ ಬಂದ ಮೇಲೆ ಶನಿವಾರದ ಕಟ್ಟುವ ಆಟಕ್ಕೆ ಕಳೆ ಬಂತು. ಆ ಕಡೆಯ ಒಬ್ಬರು, ಈ ಕಡೆಯ ಒಬ್ಬರು ಜೋಡಿಯಾಗಿ ಕಟ್ಟಬೇಕು. ಒಂದು ಜೋಡಿ ಎದ್ದು ನಿಂತು, ಸಾಲಿಗೊಬ್ಬರಂತೆ ಹೇಳಿತು.

ಛತ್ತು ಬಿತ್ತು, ಛತ್ತು ಬಿತ್ತು, ಯಾರಿಗೂ ಬಡೀಲಿಲ್ಲ.
ಆಸ್ಮಾನ್ ಅಂದರ್ ಬಂತು ನೋಡ್ರಿ, ಚಪ್ಪಲ್ ಕಳೀಲಿಲ್ಲ.

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ನಗು ತಾನಾಗಿ ನಿಂತಿತು. ಆಕಾಶ ಚಪ್ಪಲಿ ಕಳಚದೆ ಶಾಲೆಯೊಳಗೆ ಬಂತಂತೆ. ನಾನು ಎಷ್ಟು ಬಸ್ಸು ಹತ್ತಿದರೂ, ಎಷ್ಟು ಕಿಟಕಿಯ ಪಕ್ಕ ಕೂತರೂ ನನಗೆ ಇಂಥದೊಂದು ಸಾಲು ಬರುವುದಿಲ್ಲ. ಆಪಾ ದುಪ್ಪಟ್ಟದ ತುದಿಯಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಬಳೆಗಾರನ ಮಗಳು ಮಾತ್ರ ಏನೂ ಕಟ್ಟಲಿಲ್ಲ. ಪದ್ಯವೆಲ್ಲ ಬಾಯಿಗೆ ಬರುತ್ತಿತ್ತು, ತಾಳ ತಪ್ಪುತ್ತಿರಲಿಲ್ಲ. ಆದರೆ ಹಲಗೆಯ ಮೇಲಿನ ಅಕ್ಷರ ತೋರಿಸಿದರೆ ಕಣ್ಣು ಕೆಳಗೆ. ಕಾಳು ಕಟ್ಟಿದ ಜೋಳದ ಹೊಲ ಕಂಡಾಗ ಜೋಳದ ಪದ್ಯ, ಚಳಿ ಬಿದ್ದಾಗ ಕೌದಿಯ ಪದ್ಯ, ಹೀಗೆ ವಾರಗಳು ಹೋದವು. ಡಿಸೆಂಬರಿನಲ್ಲಿ ಮಕ್ಕಳು ಎರಿ ಹೊಲದ ಪದ್ಯವನ್ನೇ ಮತ್ತೆ ಬೇಕೆಂದರು. ಅದು ಎಲ್ಲರಿಗೂ ಮೆಚ್ಚಿನದು. ಸರಿ, ಬರೆದೆ, ಓದಿಸಿದೆ, ಗುರುವಾರ ಸಾಲಿಗೊಂದು ಶಬ್ದ ಅಳಿಸಿದೆ, ಶುಕ್ರವಾರ ಪೂರ್ತಿ ಒರೆಸಿದೆ.

ಖಾಲಿ ಹಲಗೆಯ ಮುಂದೆ ಒಬ್ಬೊಬ್ಬರಾಗಿ ಬಂದು, ಕಾಣದ ಶಬ್ದಗಳ ಮೇಲೆ ಬೆರಳಿಟ್ಟು ಓದುವುದು ನಮ್ಮ ರೂಢಿ. ಅವಳ ಸರದಿ ಬಂತು. ಬರುವುದಿಲ್ಲ ಎಂದು ತಲೆ ಅಲ್ಲಾಡಿಸುತ್ತಾಳೆ ಎಂದುಕೊಂಡಿದ್ದೆ. ಎದ್ದು ಬಂದಳು. ನಾಲ್ಕನೆಯ ಸಾಲು ಇದ್ದ ಜಾಗದಲ್ಲಿ ಬೆರಳಿಟ್ಟು "ಹನಿಯ" ಎಂದಳು, ಸ್ವಲ್ಪ ಸರಿಸಿ "ಗಂಟು" ಎಂದಳು. ಅಲ್ಲೇ ನಿಂತಳು. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಕೇಳಿ ಪಡೆದು, ಆ ಖಾಲಿ ಜಾಗದಲ್ಲಿ ಒಂದು ಪುಟ್ಟ ಸೊನ್ನೆ ಬರೆದಳು. ಬರೀ ಸೊನ್ನೆ, ಬೇರೇನೂ ಇಲ್ಲ. ಗ ಮತ್ತು ಟು ನಡುವೆ ಅದು ಎಲ್ಲಿತ್ತೋ ಸರಿಯಾಗಿ ಅಲ್ಲಿ.

"ಇದೇನವಾ?" ಎಂದೆ.

"ಗಂಟ್ರಿ" ಎಂದಳು. "ಹನಿ ಕಟ್ಟಿದ ಗಂಟು. ದುಂಡಗ ಐತಲ್ರಿ. ನೀವು ಬರದಾಗ ನೋಡೀನಿ."

ಆ ಹುಡುಗಿಯ ಕಣ್ಣಿಗೆ ಅದು ಅಕ್ಷರವೇ ಅಲ್ಲ. ಮುಗಿಲ ತಾಯಿ ಹೊತ್ತುಕೊಂಡು ನಿಂತ ಗಂಟು, ಶಬ್ದದ ನಡುವೆಯೇ ಇಟ್ಟದ್ದು. ಆಪಾ ನಿಧಾನವಾಗಿ ಹಲಗೆಯ ಬಳಿ ಬಂದರು. ನಾನು ಸೊನ್ನೆಯ ಆ ಪಕ್ಕ ಗ ಬರೆದೆ, ಈ ಪಕ್ಕ ಟು ಬರೆದೆ. ಅವಳು ನೋಡಿದಳು. "ಹೌದ್ರಿ, ಇದ" ಎಂದಳು. ನಾನು ಅದರ ಕೆಳಗೆ ಬಂತು ಎಂದು ಬರೆದೆ. ಅವಳು ತಡೆದು ನಿಂತು, ಸೊನ್ನೆಯ ಮೇಲೆ ಬೆರಳಿಟ್ಟು, "ಇಲ್ಲೂ ಗಂಟು ಐತಿ" ಎಂದಳು. ತುಟಿಯೊಳಗೇ ಹೇಳಿಕೊಂಡಳು, ಮತ್ತೆ ಹೇಳಿಕೊಂಡಳು. "ಬಂ... ಬಂತು. ಬಂತು!"

ಅವತ್ತು ಮೊದಲ ಪಿರಿಯಡ್ ಮುಗಿಯಲೇ ಇಲ್ಲ. ಚಂದ, ಹಿಂದ, ತಂಗಿ, ಸಂತಿ. ಗಂಟಿರುವ ಶಬ್ದಗಳನ್ನು ಮಕ್ಕಳೆಲ್ಲ ಕೂಗಿ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ, ಅವಳು ಗಂಟಿನಿಂದ ಶುರು ಮಾಡಿ ಎರಡೂ ಕಡೆಗೆ ಬಿಚ್ಚುತ್ತ ಓದಿದಳು. ಓದು ಕಲಿಸುವ ತರಬೇತಿಗಳಿಗೆ ನಾನೂ ಹೋದವಳು. ಶಬ್ದದ ನಟ್ಟನಡುವೆ ಒಂದು ಬಾಗಿಲಿರುತ್ತದೆ, ಮಗು ಅಲ್ಲಿಂದಲೂ ಒಳಗೆ ಬರಬಹುದು ಎಂಬುದನ್ನು ನನಗೆ ಎಲ್ಲಿಯೂ ಯಾರೂ ಹೇಳಿರಲಿಲ್ಲ. ಆಮೇಲೆ ನನ್ನ ತರಗತಿಯ ಹುಡುಗನೊಬ್ಬ ಆಪಾ ತಮ್ಮ ಮುಂದಿನ ಪಾಠಕ್ಕೆಂದು ಬಲಗಡೆ ಬರೆದಿದ್ದ ಸಾಲನ್ನು ದಿಟ್ಟಿಸುತ್ತ ಎದ್ದು ನಿಂತ. ಉರ್ದು ಅಕ್ಷರಗಳ ಮೇಲೆ ಕೆಳಗೆ ಇರುವ ಚುಕ್ಕಿಗಳನ್ನು ತೋರಿಸಿದ.

"ಆಪಾ, ನಮ್ಮ ಅಕ್ಷರದಾಗ ಗಂಟು ಐತ್ರಿ. ನಿಮ್ಮ ಅಕ್ಷರದಾಗ ಹನಿ ಅದಾವ. ಗಂಟು ಬಿಚ್ಚಿ ಆ ಕಡೆ ಬಿದ್ದಾವೇನ್ರಿ?"

ಆಪಾ ನೆಲದ ಮೇಲೆ ಕೂತುಬಿಟ್ಟರು. ಮಕ್ಕಳೂ ಆ ಮಾತನ್ನು ಕೇಳಿಸಿಕೊಂಡು ಹಲಗೆಯನ್ನು ಈ ತುದಿಯಿಂದ ಆ ತುದಿಗೆ ನೋಡುತ್ತಿದ್ದರು. ದೊಡ್ಡದೊಂದು ಜಾಗದಲ್ಲಿ ನಿಂತಾಗ ಮನುಷ್ಯನಿಗೆ ತಾನು ಚಿಕ್ಕವನು ಅನ್ನಿಸಿ ಅದರಿಂದಲೇ ಒಂದು ಸಮಾಧಾನ ಆಗುತ್ತದಲ್ಲ, ನನಗೆ ಆ ಹಾಲಿನಲ್ಲಿ ಹಾಗಾಯಿತು.

ಮುಂದಿನ ವಾರದಿಂದ ಆಪಾ ತಮ್ಮ ಪಾಠವನ್ನು ಹನಿಗಳಿಂದಲೇ ಶುರು ಮಾಡಿದರು. ಒಂದು ಹನಿ ಕೆಳಗೆ ಬಿದ್ದರೆ ಬೇ ಅಕ್ಷರ, ಎರಡು ಹನಿ ಮೇಲೆ ನಿಂತರೆ ತೇ. ಬಳೆಗಾರನ ಮಗಳಿಗೆ ಉರ್ದುವೂ ಕನ್ನಡವೂ ಒಟ್ಟಿಗೇ ಕೈಗೆ ಬರತೊಡಗಿದವು, ಒಂದು ಇನ್ನೊಂದನ್ನು ಎಳೆದುಕೊಂಡು ಬಂದಂತೆ. ಎಲ್ಲರಿಗೂ ಹಾಗಾಗಲಿಲ್ಲ. ಎರಡೂ ಕಡೆ ಕೆಲವು ಮಕ್ಕಳು ಆ ವರ್ಷವೂ ತಡವರಿಸುತ್ತಲೇ ಉಳಿದರು. ಅವರ ಬಾಗಿಲು ಎಲ್ಲಿದೆಯೋ ನಮಗೆ ಸಿಗಲಿಲ್ಲ.

ಜನವರಿಯಲ್ಲಿ ಬಳೆಗಾರ ಮತ್ತೆ ಬಂದ. ಈ ಸಲ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಹಲಗೆಯನ್ನು ಒಂದು ಸಲ ನೋಡಿದ.

"ಕೊಪ್ಪಳ ಬಸ್‌ಸ್ಟ್ಯಾಂಡಿನಾಗ ನಾ ಮಾಲು ಎತ್ಕೊಂಡು ಒಂದು ಬಸ್ಸಿಗೆ ಓಡಾಕ ಹತ್ತಿದ್ನಿರಿ. ಆಕಿ ಕೈ ಹಿಡದು ಜಗ್ಗಿದ್ಲು. 'ಅಬ್ಬಾ, ಇದು ನಮ್ಮದಲ್ಲ, ಗಂಗಾವತಿಗೆ ಹೊಕ್ಕೈತಿ' ಅಂದ್ಲು. ಹೆಂಗ ಗೊತ್ತಾತು ಅಂದ್ರ, 'ಅದರ ಬೋರ್ಡಿನಾಗ ಗಂಟು ಐತಿ' ಅಂತಾಳ. ಏನ್ ಗಂಟ್ರಿ ಅದು ಟೀಚರ್?"

ಆಪಾ ನಗುತ್ತ ಹಲಗೆಯ ಮೇಲೆ ಗಂಗಾವತಿ ಎಂದು ಬರೆದು ತೋರಿಸಿದರು. ಅವನು ಬಹಳ ಹೊತ್ತು ನೋಡಿದ. "ಯಲಬುರ್ಗಾಕ ಕಳಸೂದು ಬ್ಯಾಡ ಬಿಡ್ರಿ" ಎಂದು ಹೊರಟುಹೋದ.

ಅದೇ ತಿಂಗಳು ಛತ್ತಿನ ರಿಪೇರಿಯೂ ಮುಗಿಯಿತು. ಆಪಾ ತಮ್ಮ ಮಕ್ಕಳನ್ನು ಕರೆದುಕೊಂಡು ತಮ್ಮ ಕೋಣೆಗೆ ಹೋದರು. ಮೊದಲ ಪಿರಿಯಡ್ ಮಾತ್ರ ಮೊದಲಿನಂತೆಯೇ ನಮ್ಮ ಹಾಲಿನಲ್ಲಿ. ಮುಖ್ಯಗುರುಗಳು ಅದಕ್ಕೆ ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಫೆಬ್ರುವರಿಯಲ್ಲಿ ಸಾಹೇಬರು ಬಂದರು. ಮಕ್ಕಳು ಮೊದಲು ನೋಡಿರದ ಗದ್ಯದ ಹಾಳೆಗಳನ್ನು ತಂದಿದ್ದರು. ನನ್ನ ತರಗತಿ ಮುಗಿಸಿ, ಉರ್ದು ಶಾಲೆಯ ಮಕ್ಕಳ ಕನ್ನಡ ಓದು ನೋಡಲು ಅವರನ್ನೂ ಹಾಲಿಗೆ ಕರೆಸಿದರು. ಬಳೆಗಾರನ ಮಗಳ ಕೈಗೆ ಒಂದು ಹಾಳೆ ಕೊಟ್ಟರು. ನಾನು, ಆಪಾ ಬಾಗಿಲ ಬಳಿ ನಿಂತಿದ್ದೆವು. ಆಪಾ ನನ್ನ ಕೈ ಹಿಡಿದುಕೊಂಡಿದ್ದರು.

ಅವಳು ನಿಧಾನವಾಗಿ, ಎಲ್ಲಿಯೂ ಬಿಡದೆ ಓದಿದಳು. ಊರ ನಡುವಿನ ಒಂದು ಬಾವಿ, ಮಳೆಗಾಲದಲ್ಲಿ ತುಂಬುತ್ತಿತ್ತು, ಬೇಸಿಗೆಯಲ್ಲಿ ನೀರು ಕಡಿಮೆಯಾಗುತ್ತಿತ್ತು, ಆದರೂ ಹಕ್ಕಿಗಳು ಬಂದು ಕುಡಿಯುತ್ತಿದ್ದವು.

"ಓದಿದ್ದು ಏನ್ ತಿಳೀತು ಹೇಳವಾ" ಎಂದರು ಸಾಹೇಬರು.

"ಮೊದಲ ಅದನ್ನ ಅಳಸ್ರಿ ಸರ್" ಎಂದಳು. "ಆಮ್ಯಾಲ ಹೇಳ್ತೀನಿ."

ಅವರಿಗೆ ಅರ್ಥವಾಗಲಿಲ್ಲ. ಆಪಾ, "ಹಾಳಿ ನೀವು ಇಟ್ಕೋರಿ ಸಾಹೇಬ್ರ, ಆಕೀಗೆ ಕಾಣದಂಗ" ಎಂದರು. ಅವರು ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಅವಳು ಎದುರಿನ ಖಾಲಿ ಹಲಗೆಯನ್ನು ನೋಡುತ್ತ ಒಂದೊಂದೇ ವಾಕ್ಯ ಹೇಳತೊಡಗಿದಳು. ಸಾಹೇಬರು ಹಾಳೆಯ ಮೇಲೆ ಬೆರಳಾಡಿಸುತ್ತ ಹಿಂಬಾಲಿಸಿದರು.

"ಬ್ಯಾಸಗ್ಯಾಗ ನೀರು ಕೆಳಗ ಹೋಗಿ ಕುಂದರತಿತ್ತು" ಎಂದಳು.

ಅವರ ಬೆರಳು ನಿಂತಿತು. "ಇಲ್ಲಿ ಕಡಿಮೆಯಾಗುತ್ತಿತ್ತು ಅಂತ ಐತಲ್ಲವಾ."

"ಹೌದ್ರಿ ಸರ್. ಆದ್ರ ಬಾವ್ಯಾಗ ಬಗ್ಗಿ ನೋಡಿದ್ರ ಕಡಿಮಿ ಕಾಣಂಗಿಲ್ರಿ. ಕೆಳಗ ಕುಂತಂಗ ಕಾಣತೈತಿ."

ಸಾಹೇಬರು ಅವಳನ್ನು ನೋಡಿದರು, ಆಮೇಲೆ ನಮ್ಮಿಬ್ಬರನ್ನು ನೋಡಿದರು. ಹಾಳೆ ಮಡಚಿ ಪಕ್ಕಕ್ಕಿಟ್ಟು, ಕುರ್ಚಿ ಬಿಟ್ಟು ಮಕ್ಕಳ ನಡುವೆ ನೆಲದ ಮೇಲೆ ಕೂತರು.

"ಮತ್ತ ಹಕ್ಕಿಗಳು ಏನ್ ಮಾಡಿದ್ವು?" ಎಂದರು. ಆ ದನಿ ಪರೀಕ್ಷೆ ಮಾಡುವವರದಾಗಿರಲಿಲ್ಲ.

"ಅವೂ ಕೆಳಗ ಇಳದ್ವು ಸರ್" ಎಂದಳು ಹುಡುಗಿ. "ನೀರಿನ ಬಾಜೂಕ ಕುಂತ್ವು."